ನೂಡಲ್ಸ್‌ನ ಊರು ಕೇಳುವವರಿಗೆ

ಕೊಚ್ಚಿಯಲ್ಲಿ ಕೆಲಸ ಮಾಡುವ ನಮ್ಮ ಕನ್ನಡದವರ ನಡುವೆ ಈಚೆಗೆ ಹೊಸದೊಂದು ಪಾಂಡಿತ್ಯ ಹುಟ್ಟಿಕೊಂಡಿದೆ. ಶನಿವಾರ ಸಂಜೆ ಮಾಲ್‌ಗೆ ಹೋಗುವುದು, ಮೇಲಿನ ಮಹಡಿಯ ಫುಡ್ ಕೋರ್ಟ್‌ನಲ್ಲಿ ಸಿಚುವಾನ್, ಹುನಾನ್, ಕ್ಯಾಂಟನ್ ಎಂದೆಲ್ಲ ಬೋರ್ಡು ಹಾಕಿಕೊಂಡ ಮಳಿಗೆಗಳ ಮುಂದೆ ಸಾಲು ನಿಂತು ತಟ್ಟೆ ತರುವುದು, ಎರಡು ತುತ್ತು ತಿಂದು ‘ಇದು ಅಸಲಿ ಚೈನೀಸ್ ಅಲ್ಲ ಬಿಡಿ’ ಎಂದು ತೀರ್ಪು ಕೊಡುವುದು. ಗುಂಪಿನಲ್ಲಿ ಕಂಪನಿ ಖರ್ಚಿನಲ್ಲಿ ಹದಿನೈದು ದಿನ ಶೆನ್ಜೆನ್ ನೋಡಿ ಬಂದವರು ಒಬ್ಬರಿದ್ದರಂತೂ ಮುಗಿಯಿತು. ಉಳಿದವರ ನೂಡಲ್ಸ್ ತಣ್ಣಗಾಗುವವರೆಗೂ ಉಪನ್ಯಾಸ. ಕಾಕ್ಕನಾಡಿನ ಇನ್ಫೋಪಾರ್ಕ್ ಬಿಟ್ಟು ನಾನು ತಿರುವನಂತಪುರಕ್ಕೆ ಬಂದೆ. ಇಲ್ಲಿ ಟೆಕ್ನೋಪಾರ್ಕಿನ ಹುಡುಗರದ್ದೂ ಅದೇ ಮಾತು, ಅದೇ ಮುಖಭಾವ. ತಿಂದ ತಟ್ಟೆಯ ಫೋಟೋ, ಐದರಲ್ಲಿ ಎರಡು ನಕ್ಷತ್ರ, ಕೆಳಗೆ ಒಂದು ಸಾಲು: ಅಸಲಿಯಲ್ಲ.

ಈ ‘ಅಸಲಿಯಲ್ಲ’ ಎನ್ನುವ ಮಾತಿನ ಮೇಲೆ ನನಗೆ ಸಿಟ್ಟು ಉಂಟು. ಊರು ಬಿಟ್ಟು ಬಂದವರ ಬಾಯಲ್ಲಿ ಅದು ಬಂದಾಗ ಇನ್ನೂ ಹೆಚ್ಚು.

ಮೊದಲಿಗೆ ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಅವರು ಹೇಳುವುದು ಪೂರ್ತಿ ನಿಜ. ನಮ್ಮ ಮೆನುಗಳಲ್ಲಿ ‘ಷೆಜ್ವಾನ್’ ಎಂದು ಬರೆದದ್ದಕ್ಕೂ ಚೀನಾದ ಸಿಚುವಾನ್ ಪ್ರಾಂತ್ಯಕ್ಕೂ ಇರುವ ಸಂಬಂಧ ಬಹುಮಟ್ಟಿಗೆ ಹೆಸರಿನದು. ನಮ್ಮ ಷೆಜ್ವಾನ್ ಚಟ್ನಿ ಒಣಮೆಣಸು, ಬೆಳ್ಳುಳ್ಳಿ, ಎಣ್ಣೆ, ವಿನೆಗರ್, ಸಕ್ಕರೆಯ ಮಾಲು. ಅಲ್ಲಿಯದರ ಜೀವ ಎರಡು ಪದಾರ್ಥಗಳಲ್ಲಿದೆ. ಒಂದು, ಅವರೆ ಜಾತಿಯ ದಪ್ಪ ಕಾಳನ್ನು ಮೆಣಸಿನ ಜೊತೆ ತಿಂಗಳುಗಟ್ಟಲೆ ಹುಳಿಯಿಸಿದ ಗೊಜ್ಜು. ಇನ್ನೊಂದು ಹ್ವಾಜ್ಯಾವ್ ಎಂಬ ಕಾಯಿ. ಅದನ್ನು ಅಗಿದರೆ ಖಾರವಾಗುವುದಿಲ್ಲ. ತುಟಿ, ನಾಲಿಗೆ ಜುಮ್ಮೆಂದು ಮರಗಟ್ಟುತ್ತದೆ. ಆ ಜೋಮಿಗೆ ಅವರು ‘ಮಾ’ ಎನ್ನುತ್ತಾರೆ, ಮೆಣಸಿನ ಉರಿಗೆ ‘ಲಾ’. ಎರಡೂ ಸೇರಿದ ‘ಮಾಲಾ’ ಸಿಚುವಾನ್ ಅಡುಗೆಯ ಗುರುತು. ಫುಡ್ ಕೋರ್ಟ್‌ನ ತಟ್ಟೆಯಲ್ಲಿ ‘ಲಾ’ ಮಾತ್ರ ಉಂಟು, ‘ಮಾ’ ಇಲ್ಲ.

ತಮಾಷೆಯೆಂದರೆ ಆ ಜೋಮು ಕರಾವಳಿಯವರಿಗೆ ಹೊಸತೇನಲ್ಲ. ಹ್ವಾಜ್ಯಾವ್‌ನ ದಾಯಾದಿ ನಮ್ಮ ಪಶ್ಚಿಮ ಘಟ್ಟದಲ್ಲೇ ಬೆಳೆಯುತ್ತದೆ. ಕನ್ನಡದಲ್ಲಿ ಜುಮ್ಮನಕಾಯಿ, ಕೊಂಕಣಿಯವರಿಗೆ ತೆಪ್ಪಳ. ಮಂಗಳೂರು ಕಡೆ ಬಂಗುಡೆ ಸಾರಿಗೆ ಅದನ್ನು ಹಾಕದ ಕೊಂಕಣಿ ಮನೆ ಅಪರೂಪ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟು ಬಂದು ಕೊಚ್ಚಿಯ ಮಟ್ಟಾಂಚೇರಿಯಲ್ಲಿ ನೆಲೆಸಿದ ಗೌಡ ಸಾರಸ್ವತರು ತಮ್ಮ ಭಾಷೆಯ ಜೊತೆಗೆ ಇಂಥ ರುಚಿಗಳನ್ನೂ ಉಳಿಸಿಕೊಂಡು ಬಂದರು. ಮಾಲ್‌ನ ಸಿಚುವಾನ್ ಮಳಿಗೆಯಲ್ಲಿ ಸಿಗದ ಸಿಚುವಾನ್‌ನ ಜೋಮು ಹತ್ತಾರು ಕಿಲೋಮೀಟರ್ ಆಚೆ ವಲಸೆಗಾರರ ಸಂತಾನದ ಅಡುಗೆಮನೆಯಲ್ಲಿ ಉಂಟು ಎಂದಾಯಿತು. ನಮ್ಮ ಪಂಡಿತರು ಅದನ್ನು ಹುಡುಕಿಕೊಂಡು ಹೋದದ್ದು ನಾನು ಕಾಣೆ.

ಮಂಚೂರಿಯನ್ನಿನ ಕಥೆ ಎಲ್ಲರಿಗೂ ಗೊತ್ತು. ಕೊಲ್ಕತ್ತಾದಲ್ಲಿ ಚೀನೀ ಮನೆತನದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ, ಹೊಸದೇನಾದರೂ ಮಾಡಿಕೊಡು ಎಂದ ಗಿರಾಕಿಗಾಗಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು ಕಾರ್ನ್‌ಫ್ಲೋರ್‌ನಲ್ಲಿ ಗಟ್ಟಿ ಮಾಡಿದ. ಮಂಚೂರಿಯಾದಲ್ಲಿ ಅಂಥ ತಿನಿಸಿಲ್ಲ. ಅದರ ಗೋಬಿ ಅವತಾರ ಇವತ್ತು ಕರ್ನಾಟಕದ ಪ್ರತಿ ಜಾತ್ರೆಯಲ್ಲೂ ಉಂಟು.

ಹೀಗೆ ಪಟ್ಟಿ ಮಾಡುತ್ತ ಹೋದರೆ ಫುಡ್ ಕೋರ್ಟ್‌ನ ಒಂದು ಬೋರ್ಡೂ ಉಳಿಯುವುದಿಲ್ಲ. ಒಪ್ಪಿದೆ. ಆದರೆ ಊರ ಹೆಸರು ಹೊತ್ತ ತಿನಿಸೆಲ್ಲ ಆ ಊರಿನದೇ ಆಗಿರಬೇಕು ಎಂದು ಹಟ ಹಿಡಿದರೆ ನಮ್ಮ ಅಡುಗೆಮನೆಯ ಗತಿಯೇನು? ಹವ್ಯಕರ ಮನೆಗಳಲ್ಲಿ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತಾರೆ. ಆ ಬಳ್ಳಿಯ ಮೂಲ ಚೀನಾ ಅಲ್ಲ, ಅಮೆರಿಕ. ಮೆಣಸಿನಕಾಯಿಯೂ ಅಲ್ಲಿಂದಲೇ ಬಂತು, ಸಿಚುವಾನ್‌ಗೂ ನಮಗೂ. ಅದು ಬಂದು ಕೂತ ಮೇಲೆಯೇ ನಮ್ಮ ಹಳೆಯ ಕರಿಮೆಣಸಿಗೆ ‘ಒಳ್ಳೆಮೆಣಸು’ ಎಂಬ ಗುಣವಾಚಕ ಬೇಕಾಯಿತು. ಕೇರಳದ ಊರೂರಲ್ಲಿ ‘ಉಡುಪಿ’ ಬೋರ್ಡು ನೇತುಹಾಕಿದ ಹೋಟೆಲುಗಳುಂಟು. ಅವುಗಳ ಸಾಂಬಾರಿಗೂ ಉಡುಪಿಯ ಹುಳಿಗೂ ನೆಂಟಸ್ತಿಕೆ ಎಷ್ಟು ಎಂದು ಬಲ್ಲವರು ಬಲ್ಲರು. ಆ ಬೋರ್ಡು ಕಂಡಾಗ ನಮಗೆ ಎದೆ ಉಬ್ಬುತ್ತದೆ, ಅಸಲಿಯ ಪ್ರಶ್ನೆ ನೆನಪಾಗುವುದಿಲ್ಲ.

ಇನ್ನು ಕೊಚ್ಚಿಯ ವಿಷಯ. ಚೀನಾದ ಬಗ್ಗೆ ತೀರ್ಪು ಕೊಡಲು ಭಾರತದಲ್ಲಿ ಇದಕ್ಕಿಂತ ವಿಚಿತ್ರ ಜಾಗ ಸಿಗಲಾರದು. 1405ರಿಂದ 1433ರವರೆಗೆ ಝೆಂಗ್ ಹೆ ನಡೆಸಿದ ಮಿಂಗ್ ನೌಕಾಯಾನಗಳು ಕೋಳಿಕ್ಕೋಡಿಗೂ ಕೊಚ್ಚಿಗೂ ಬಂದವು. ಆ ಹಡಗುಗಳಲ್ಲಿ ದುಭಾಷಿಯಾಗಿದ್ದ ಮಾ ಹ್ವಾನ್ ಕೊಚ್ಚಿಯ ಅರಸ, ಜನ, ಕರಿಮೆಣಸಿನ ವ್ಯಾಪಾರದ ಬಗ್ಗೆ ಬರೆದಿಟ್ಟಿದ್ದಾನೆ. ಫೋರ್ಟ್ ಕೊಚ್ಚಿಯ ಚೀನವಲೆಗಳು ಆ ಕಾಲದವು ಎಂದು ಗೈಡುಗಳು ಹೇಳುತ್ತಾರೆ. ಮಕಾವಿನಿಂದ ಪೋರ್ಚುಗೀಸರು ತಂದದ್ದು ಎನ್ನುವ ಇತಿಹಾಸಕಾರರೂ ಇದ್ದಾರೆ. ಅದು ಹೇಗೇ ಇರಲಿ, ಇಲ್ಲಿಯ ಯಾವ ಮಲಯಾಳಿ ಅಡುಗೆಮನೆಗೆ ಹೋದರೂ ಬಾಣಲೆಗೆ ಚೀನಚಟ್ಟಿ ಎನ್ನುತ್ತಾರೆ, ಉಪ್ಪಿನಕಾಯಿಯ ಜಾಡಿಗೆ ಚೀನಭರಣಿ ಎನ್ನುತ್ತಾರೆ. ಆ ಭರಣಿಯೇ ನಮ್ಮ ಕುಂಬಳೆ ಕಡೆಯ ಮನೆಗಳ ಅಟ್ಟದಲ್ಲಿ ಇಡಿ ಮಾವಿನ ಉಪ್ಪಿನಕಾಯಿ ತುಂಬಿಕೊಂಡು ಕೂತಿರುವುದು. ಆರುನೂರು ವರ್ಷದ ಹಿಂದೆ ಹಡಗಿನಿಂದ ಇಳಿದದ್ದನ್ನು ಈ ನೆಲದವರು ಅಸಲಿಯೋ ನಕಲಿಯೋ ಎಂದು ಕೇಳದೆ ಒಲೆಯ ಮೇಲಿಟ್ಟರು. ಮೀನು ಹುರಿದರು.

ಇಷ್ಟು ಹೊತ್ತು ತಿನಿಸಿನ ಮಾತಾಯಿತು. ನನ್ನ ಜಗಳ ಇರುವುದು ಇದರಾಚೆ.

2013ರ ಮಾರ್ಚ್‌ನಲ್ಲಿ ಇಡಪ್ಪಳ್ಳಿಯಲ್ಲಿ ಲುಲು ಮಾಲ್ ತೆರೆದ ಮೇಲೆ ಕೊಚ್ಚಿಗೂ, 2021ರ ಡಿಸೆಂಬರ್‌ನಲ್ಲಿ ಆಕ್ಕುಳದಲ್ಲಿ ಅದರ ಇನ್ನೊಂದು ತೆರೆದ ಮೇಲೆ ತಿರುವನಂತಪುರಕ್ಕೂ ಫುಡ್ ಕೋರ್ಟ್ ಎನ್ನುವುದು ವಾರದ ಅಭ್ಯಾಸವಾಯಿತು. ಈಗ ಎರಡೂ ನಗರಗಳಲ್ಲಿ ಅಂಥವು ಹಲವುಂಟು. ಮುಂದೆ ನಾನು ಹೇಳುವುದು ಯಾವುದೋ ಒಂದು ಮಾಲ್‌ನ ಮಾತಲ್ಲ, ಹೆಸರೂ ಹೇಳುವುದಿಲ್ಲ. ಫುಡ್ ಕೋರ್ಟ್ ಕಟ್ಟುವ ಕ್ರಮವೇ ಹಾಗೆ. ಮೇಜು ಕುರ್ಚಿ ಎಲ್ಲರಿಗೂ ಸೇರಿದ್ದು, ಮಳಿಗೆಗೆ ಸೇರಿದ್ದು ಎದೆಮಟ್ಟದ ಒಂದು ಕೌಂಟರು. ಕೌಂಟರಿನ ಮೇಲೆ ದೀಪ ಹಚ್ಚಿದ ಚಿತ್ರಗಳು, ಹಿಂದೆ ಮೂರು ಮಾರು ಅಗಲದ ಜಾಗ, ಅದರಲ್ಲಿ ಭೋರೆನ್ನುವ ಒಲೆ, ನಾಲ್ಕೋ ಐದೋ ಜನ. ಹೋಟೆಲಿನಲ್ಲಾದರೆ ಸಪ್ಲೈಯರ್ ಮೇಜಿನ ಹತ್ತಿರ ಬರುತ್ತಾನೆ, ಏನು ಬೇಕು ಎನ್ನುತ್ತಾನೆ, ಒಂದು ಮುಖ ಕಾಣುತ್ತದೆ. ಇಲ್ಲಿ ಚೀಟಿಯಲ್ಲಿ ಒಂದು ನಂಬರು, ತಲೆಯ ಮೇಲಿನ ಪರದೆಯಲ್ಲಿ ಅದೇ ನಂಬರು ಕೆಂಪಗೆ ಹೊಳೆದರೆ ನಾವೇ ಹೋಗಿ ತಟ್ಟೆ ಎತ್ತಿಕೊಳ್ಳಬೇಕು. ತಿನಿಸಿನ ಊರು ಆಳೆತ್ತರದ ಅಕ್ಷರದಲ್ಲಿ, ಮಾಡಿದವನ ಊರು ಎಲ್ಲೂ ಇಲ್ಲ.

ಒಂದು ಮಂಗಳವಾರ ರಾತ್ರಿ ಗಿರಾಕಿಗಳು ಕಡಿಮೆಯಿದ್ದರು. ಬಾಣಲೆ ಉಜ್ಜುತ್ತಿದ್ದ ಹುಡುಗನನ್ನು ಊರು ಯಾವುದು ಎಂದು ಮಲಯಾಳದಲ್ಲಿ ಕೇಳಿದೆ. ನನ್ನದಕ್ಕಿಂತ ಚೆಂದದ ಮಲಯಾಳದಲ್ಲಿ ಉತ್ತರ ಬಂತು.

‘ಕಾಲಿಂಪಾಂಗ್ ಹತ್ತಿರ. ಸಾರ್, ನಿಮ್ಮದು?’

‘ಕಾಸರಗೋಡು.’

‘ಹಾಗಾದರೆ ಇಲ್ಲಿಯವರೇ.’

‘ಇಲ್ಲಿಯವನೇ. ಮನೆಮಾತು ಕನ್ನಡ.’

ಅವನು ಬಾಣಲೆ ಕೆಳಗಿಟ್ಟು ನಕ್ಕ. ‘ನನ್ನದು ನೇಪಾಳಿ. ಇಲ್ಲಿ ನನ್ನನ್ನು ಬಂಗಾಳಿ ಅನ್ನುತ್ತಾರೆ. ರಾಜ್ಯ ಬಂಗಾಳವೇ, ಸುಳ್ಳಲ್ಲ. ಆದರೆ ಕೊಲ್ಕತ್ತಾದಲ್ಲಿ ಯಾರೂ ನನ್ನನ್ನು ಬಂಗಾಳಿ ಅನ್ನುವುದಿಲ್ಲ ಸಾರ್.’

ಕಾಸರಗೋಡಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿ ಗೆರೆ ಎಳೆದಾಗ ನಾವು ಕೇರಳಕ್ಕೆ ಬಿದ್ದೆವು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು, ಸೇರಲಿಲ್ಲ. ತಿರುವನಂತಪುರದಲ್ಲಿ ನನ್ನ ಮಲಯಾಳ ಕೇಳಿ ‘ಕರ್ನಾಟಕದವರಾ?’ ಎನ್ನುತ್ತಾರೆ. ಬೆಂಗಳೂರಲ್ಲಿ ನನ್ನ ಕನ್ನಡ ಕೇಳಿ ‘ಮಲಯಾಳಿನಾ?’ ಎನ್ನುತ್ತಾರೆ. 2020ರ ಮಾರ್ಚ್‌ನಲ್ಲಿ ತಲಪಾಡಿಯ ಹೆದ್ದಾರಿಗೆ ಕರ್ನಾಟಕ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮ ಊರಿನ ರೋಗಿಗಳು ಆಚೆ ಬದಿಯಲ್ಲಿ ಉಳಿದರು. ಆಗ ಯಾರು ಎಷ್ಟು ಅಸಲಿ ಕನ್ನಡಿಗರು ಎಂದು ಕೇಳುವವರೂ ಇರಲಿಲ್ಲ. ಅಸಲಿಯ ಪರೀಕ್ಷೆಗೆ ಜೀವಮಾನವಿಡೀ ಕೂತವರು ನಾವು. ಬೇರೆಯವರ ತಟ್ಟೆಗೆ ಅದೇ ಪರೀಕ್ಷೆ ಇಡಲು ಹೊರಟರೆ ನನಗೆ ಸಿಟ್ಟು ಬರದೆ ಇನ್ನೇನು?

ಆ ಹುಡುಗ ಬಾಣಲೆ ಹಿಡಿಯಲು ಕಲಿತದ್ದು ಕೊಲ್ಕತ್ತಾದ ಟ್ಯಾಂಗ್ರಾದಲ್ಲಿ, ಒಂದು ಹಕ್ಕಾ ಕುಟುಂಬದ ಅಡುಗೆಮನೆಯಲ್ಲಿ. ‘ಹಕ್ಕಾ ನೂಡಲ್ಸ್’ ಎಂದು ನಾವು ದಿನಾ ಕೇಳುವ ಹೆಸರು ಊರಿನದ್ದಲ್ಲ, ಜನರದ್ದು. ಚೀನಾದ ಉತ್ತರದಿಂದ ತಲೆತಲಾಂತರದಲ್ಲಿ ದಕ್ಷಿಣಕ್ಕೆ ಇಳಿದು ಬಂದವರಿಗೆ ಅಲ್ಲಿ ಮೊದಲಿದ್ದವರು ಇಟ್ಟ ಹೆಸರು ಅದು. ಅರ್ಥ, ಅತಿಥಿ ಮನೆತನ. ಮೊದಲಿದ್ದವರು ತಮ್ಮನ್ನು ಪುಂಟಿ ಎಂದುಕೊಂಡರು, ಅಂದರೆ ಈ ನೆಲದವರು. 1855ರಿಂದ 1867ರವರೆಗೆ ಗ್ವಾಂಗ್‌ಡಾಂಗ್‌ನಲ್ಲಿ ನೆಲದವರಿಗೂ ಅತಿಥಿಗಳಿಗೂ ನಡೆದ ಕಾದಾಟದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಹೀಗೆ ಊರು ಬಿಟ್ಟವರಲ್ಲಿ ಕೆಲವರು ಕೊಲ್ಕತ್ತಾ ಸೇರಿ, ಇಲ್ಲಿಯ ಮೇಲ್ಜಾತಿಯವರು ಮುಟ್ಟದ ಚರ್ಮ ಹದಮಾಡುವ ಕೆಲಸ ಹಿಡಿದು, ಟ್ಯಾಂಗ್ರಾದ ಜೌಗಿನಲ್ಲಿ ಕಾರ್ಖಾನೆ ಕಟ್ಟಿದರು. ಕಾರ್ಖಾನೆಯ ಬಗಲಲ್ಲಿ ಅಡುಗೆಮನೆ, ಅಡುಗೆಮನೆಯಿಂದ ಹೋಟೆಲು.

1962ರ ಯುದ್ಧ ಬಂತು. ಅಸ್ಸಾಂ, ಡಾರ್ಜಿಲಿಂಗ್, ಶಿಲ್ಲಾಂಗ್ ಕಡೆಗಳಿಂದ ಚೀನೀ ಮೂಲದ ಸುಮಾರು 3000 ಜನರನ್ನು, ಮಕ್ಕಳು ಮುದುಕರೆನ್ನದೆ, ರೈಲಿಗೆ ಹತ್ತಿಸಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಒಯ್ದರು. ಅವರಲ್ಲಿ ಬಹಳ ಮಂದಿ ಇಲ್ಲಿಯೇ ಹುಟ್ಟಿದವರು, ಚೀನಾ ನೋಡದವರು. ಕೆಲವರು ಅಲ್ಲಿ ವರ್ಷಗಟ್ಟಲೆ ಉಳಿದರು, ಕೊನೆಯವರು ಹೊರಬಂದದ್ದು 1967ರ ಹೊತ್ತಿಗೆ. ವಾಪಸು ಬಂದವರಿಗೆ ಮನೆ, ಅಂಗಡಿ ಉಳಿದಿರಲಿಲ್ಲ. ಅಸ್ಸಾಮಿನ ಮಾಕುಮ್ ಊರಿನ ಇಂಥವರ ಮೇಲೆ ರೀಟಾ ಚೌಧುರಿ 2010ರಲ್ಲಿ ‘ಮಾಕಾಂ’ ಎಂಬ ಕಾದಂಬರಿ ಬರೆದ ಮೇಲೆ ಒಂದಿಷ್ಟು ಮಾತಾಯಿತು. ಎಷ್ಟೋ ಕುಟುಂಬಗಳು ಕೆನಡಾದ ಟೊರಾಂಟೊಗೆ ಹೋಗಿ ಅಲ್ಲಿ ಹಕ್ಕಾ ಚೈನೀಸ್ ಎಂಬ ಹೆಸರಲ್ಲೇ ನಮ್ಮ ಚಿಲ್ಲಿ ಚಿಕನ್ ಮಾರುತ್ತಿದ್ದಾರೆ. ಉಳಿದವರಿಗೆ 1996ರಲ್ಲಿ ಸುಪ್ರೀಂ ಕೋರ್ಟ್ ಚರ್ಮದ ಕಾರ್ಖಾನೆಗಳನ್ನು ನಗರದಿಂದ ತೆಗೆಯಿರಿ ಎಂದು ಆದೇಶ ಕೊಟ್ಟಾಗ ಟ್ಯಾಂಗ್ರಾದಲ್ಲಿ ಆಸರೆಯಾಗಿ ಉಳಿದದ್ದು ಹೋಟೆಲುಗಳೇ. ಜನರನ್ನು ಮುಳ್ಳುತಂತಿಯೊಳಗೆ ಇಟ್ಟ ದೇಶ ಅವರ ಅಡುಗೆಯನ್ನು ಮಾತ್ರ ಮದುವೆಮನೆಯ ಬಫೆಯವರೆಗೂ ಕರೆದುಕೊಂಡು ಬಂತು. ‘ಇದು ಅಸಲಿ ಚೈನೀಸ್ ಅಲ್ಲ’ ಎನ್ನುವವರು ಗೊತ್ತಿಲ್ಲದೆಯೇ ಒಂದು ಸತ್ಯ ಹೇಳುತ್ತಿದ್ದಾರೆ. ಅಲ್ಲ ಸ್ವಾಮಿ, ಇದು ಅಸಲಿ ಭಾರತದ್ದು.

ಈಗ ‘ಅತಿಥಿ’ ಎನ್ನುವ ಶಬ್ದಕ್ಕೆ ಬರೋಣ. ಕೇರಳದಲ್ಲಿ ಹೊರಗಿನಿಂದ ಬಂದ ಕೂಲಿಗಾರರಿಗೆ ಮೊದಲು ‘ಅನ್ಯಸಂಸ್ಥಾನ ತೊಳಿಲಾಳಿ’ ಎನ್ನುತ್ತಿದ್ದರು. ‘ಅನ್ಯ’ ಒರಟಾಯಿತೆಂದು ‘ಇತರಸಂಸ್ಥಾನ’ ಮಾಡಿದರು. ಈಗ ಸರ್ಕಾರದ ಕಾಗದದಲ್ಲಿ ‘ಅತಿಥಿ ತೊಳಿಲಾಳಿ’. ತಿರುವನಂತಪುರದ ಗುಲಾಟಿ ಹಣಕಾಸು ಸಂಸ್ಥೆಯ 2013ರ ಅಧ್ಯಯನ ಇವರ ಸಂಖ್ಯೆಯನ್ನು ಸುಮಾರು 25 ಲಕ್ಷ ಎಂದು ಅಂದಾಜು ಮಾಡಿತ್ತು. ಬೀದಿಯಲ್ಲಿ ಮಾತ್ರ ಎಲ್ಲರೂ ‘ಬಂಗಾಳಿ’, ಇಲ್ಲವೇ ‘ಭಾಯಿ’. ಒಡಿಶಾದವನೂ ಬಂಗಾಳಿ, ಅಸ್ಸಾಮಿನವನೂ ಬಂಗಾಳಿ. ಈ ಶಬ್ದವನ್ನು ಮಲಯಾಳಿಗಳಿಗಿಂತ ಬೇಗ ಕಲಿತವರು ನಮ್ಮ ಕನ್ನಡದ ಎಂಜಿನಿಯರುಗಳು. ಮಲಯಾಳದಲ್ಲಿ ಬಸ್ಸಿನ ಬೋರ್ಡು ಓದಲು ಬಾರದವರೂ ‘ಆ ಬಂಗಾಳಿಗೆ ಹೇಳಿ ಟೇಬಲ್ ಒರೆಸಿಸು’ ಎನ್ನಲು ಕಲಿತಿದ್ದಾರೆ. ಬೇರೆ ರಾಜ್ಯದಿಂದ ಬಂದು ದುಡಿಯುವವರು ಅತಿಥಿ ಕೆಲಸಗಾರರಾದರೆ, ಧಾರವಾಡದಿಂದಲೋ ಶಿವಮೊಗ್ಗದಿಂದಲೋ ಬಂದು ಲ್ಯಾಪ್‌ಟಾಪ್ ತೆರೆದವರು ಯಾರು? ನಮ್ಮನ್ನು ಹಾಗೆ ಯಾರೂ ಕರೆಯುವುದಿಲ್ಲ. ಕೊರಳಲ್ಲಿ ನೇತಾಡುವ ಗುರುತಿನ ಚೀಟಿ ನಮ್ಮನ್ನು ಆ ಶಬ್ದದಿಂದ ಪಾರುಮಾಡಿದೆ.

ಕೇರಳ ಒಳ್ಳೆಯದು, ಕರ್ನಾಟಕ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಕೂಲಿ ಹೆಚ್ಚು, ‘ಆವಾಸ್’ ಎಂಬ ಆರೋಗ್ಯ ವಿಮೆ ಉಂಟು, ಎರ್ನಾಕುಳಂ ಜಿಲ್ಲೆಯ ಶಾಲೆಗಳಲ್ಲಿ ಈ ಮಕ್ಕಳಿಗೆ ಅವರ ಭಾಷೆಯ ಕೈ ಹಿಡಿದು ಮಲಯಾಳ ಕಲಿಸುವ ‘ರೋಶ್ನಿ’ ಉಂಟು. ಹಾಗಿದ್ದೂ ಒಂದು ಕೋಣೆಯಲ್ಲಿ ಎಂಟು ಹತ್ತು ಜನ ಮಲಗುವುದೂ ಉಂಟು. ನಮ್ಮ ಕಡೆಯದನ್ನೂ ನೆನೆಸಿಕೊಳ್ಳಬೇಕಲ್ಲ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಗಾಳಿಸುದ್ದಿ ಹಬ್ಬಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ಎರಡು ಮೂರು ದಿನಗಳಲ್ಲಿ ಸಿಟಿ ರೈಲ್ವೆ ಸ್ಟೇಷನ್ನಿಗೆ ಬಂದು ಗುವಾಹಟಿಯ ವಿಶೇಷ ರೈಲು ಹತ್ತಿದರು. ಸುದ್ದಿ ಹರಡದಂತೆ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಬಾರದು ಎಂದು ಕೇಂದ್ರ ಸರ್ಕಾರ ಮಿತಿ ಹಾಕಿತು. ಆ ವಾರ ನಗರದ ಸೆಕ್ಯೂರಿಟಿ ಕುರ್ಚಿಗಳು, ಬ್ಯೂಟಿ ಪಾರ್ಲರುಗಳು, ಚೈನೀಸ್ ಅಡುಗೆಮನೆಗಳು ಖಾಲಿಯಾದವು. ಅಷ್ಟು ವರ್ಷ ನೂಡಲ್ಸ್ ಮಾಡಿಕೊಟ್ಟವರ ಊರು ಯಾವುದೆಂದು ಬೆಂಗಳೂರಿಗೆ ಗೊತ್ತಾದದ್ದು ಅವರು ರೈಲು ಹತ್ತಿದಾಗ.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಯ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಬಣ್ಣ ಸಿಕ್ಕಿತ್ತು. ಬೇಕಾದ ಕೆಲಸವೇ. ಬಾಂಬೆ ಮಿಠಾಯಿಗೆ ಹಾಕುತ್ತಿದ್ದ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗಲ್ಲ. ಆ ತಿಂಗಳು ನಮ್ಮ ಟಿವಿ, ಪತ್ರಿಕೆ, ಮೊಬೈಲು ಎಲ್ಲ ಕಡೆ ಗೋಬಿಯದೇ ಚರ್ಚೆ ನಡೆಯಿತು. ಆ ಚರ್ಚೆಯಲ್ಲಿ ತಿನ್ನುವವನ ಹೊಟ್ಟೆಗೆ ಇದ್ದ ಜಾಗದಲ್ಲಿ ಹತ್ತರಲ್ಲಿ ಒಂದಂಶವೂ ಬೆಳಗ್ಗಿನಿಂದ ರಾತ್ರಿಯವರೆಗೆ ಎಣ್ಣೆಯ ಹೊಗೆ ಕುಡಿಯುವವನ ಶ್ವಾಸಕೋಶಕ್ಕೆ ಇರಲಿಲ್ಲ.

ನನ್ನ ಗೆಳೆಯರೊಬ್ಬರು ಇದಕ್ಕೆ ಎರಡು ಆಕ್ಷೇಪ ಎತ್ತಿದ್ದಾರೆ. ಮೊದಲನೆಯದು, ‘ದುಡ್ಡು ಕೊಟ್ಟು ತಿನ್ನುತ್ತೇವೆ, ರುಚಿಯ ಬಗ್ಗೆ ಮಾತಾಡಬಾರದಾ?’ ಮಾತಾಡಿ. ಉಪ್ಪು ಹೆಚ್ಚಾದರೆ ಹೇಳಿ, ಎಣ್ಣೆ ಕಮಟಾದರೆ ಜಗಳ ಮಾಡಿ, ಸಿಚುವಾನ್ ಎಂದು ಬರೆದು ಕೆಚಪ್ ಸುರಿದ ಮಾಲೀಕನನ್ನು ಕರೆದು ಕೇಳಿ. ಅವನ ಹತ್ತಿರ ನೀವು ಕೇಳುವುದಿಲ್ಲ. ಮೆನು ಬರೆದವನು ಅವನು, ಸಾಸಿನ ಡಬ್ಬ ತರಿಸಿದವನು ಅವನು, ನಿಮ್ಮ ಎರಡು ನಕ್ಷತ್ರದ ಬೈಗುಳ ಬೀಳುವುದು ಬಾಣಲೆ ಹಿಡಿದವನ ತಲೆಯ ಮೇಲೆ. ಎರಡನೆಯ ಆಕ್ಷೇಪ, ‘ತಿನ್ನಲು ಹೋದವನು ಎಲ್ಲರ ಜಾತಕ ಕೇಳುತ್ತ ಕೂರಬೇಕಾ?’ ಬೇಡ. ಆದರೆ ನೀವು ಜಾತಕ ಕೇಳುತ್ತಲೇ ಇದ್ದೀರಿ, ನೂಡಲ್ಸ್‌ನದ್ದು. ಹುನಾನ್‌ಗೂ ಸಿಚುವಾನ್‌ಗೂ ಖಾರದಲ್ಲಿ ಏನು ವ್ಯತ್ಯಾಸ ಎಂದು ಅರ್ಧ ಗಂಟೆ ಹೇಳಬಲ್ಲ ಕುತೂಹಲಕ್ಕೆ ಮಣಿಪುರಕ್ಕೂ ಮಿಜೋರಾಮಿಗೂ ಇರುವ ವ್ಯತ್ಯಾಸ ಭಾರವಾಗಬಾರದು.

ಇಷ್ಟಕ್ಕೂ ಕೌಂಟರಿನ ಆಚೆ ಬದಿ ನಮಗೆ ಹೊಸದಾ? ಉಡುಪಿ, ಕುಂದಾಪುರ, ಕಾರ್ಕಳದ ಯಾವ ಮನೆಯಲ್ಲಿ ಕೇಳಿದರೂ ಹೋಟೆಲ್ ಮಾಣಿಯಾಗಿ ಮುಂಬಯಿಗೋ ಮದರಾಸಿಗೋ ಓಡಿಹೋದ ಒಬ್ಬ ಅಜ್ಜ, ಒಬ್ಬ ದೊಡ್ಡಪ್ಪ ಸಿಗುತ್ತಾರೆ. ಹತ್ತು ಹನ್ನೆರಡರ ವಯಸ್ಸಿಗೆ ಲೋಟ ತೊಳೆಯಲು ನಿಂತು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮೇಜಿನ ಮೇಲೆ ಮಲಗಿದವರು. ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳು ನಡೆದದ್ದು ಆ ಹುಡುಗರಿಗಾಗಿ. ಹಗಲು ತಟ್ಟೆ ಎತ್ತಿ ರಾತ್ರಿ ಅಕ್ಷರ ಕಲಿತವರಲ್ಲಿ ಮುಂದೆ ವಕೀಲರಾದರು, ಬ್ಯಾಂಕಿನವರಾದರು, ಬರಹಗಾರರಾದರು. ಮುಂಬಯಿಯ ಗಿರಾಕಿಗೆ ಅವರೆಲ್ಲರೂ ಬರೀ ‘ಮದ್ರಾಸಿ’. ಉಡುಪಿ ಯಾವ ದಿಕ್ಕಿಗಿದೆ ಎಂದು ಅವನಿಗೆ ಬೇಕಾಗಿರಲಿಲ್ಲ. ಇಡ್ಲಿ ಅಸಲಿಯೋ ಎಂಬುದಷ್ಟೇ ಬೇಕಿತ್ತು. ಹೊರನಾಡ ಕನ್ನಡದ ಯಾವ ಸಮ್ಮೇಳನಕ್ಕೆ ಹೋದರೂ ಆ ಮಾಣಿಗಳ ಕಥೆಗೆ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ತಟ್ಟಿದ ಕೈಗಳೇ ಮರುದಿನ ಫುಡ್ ಕೋರ್ಟ್‌ನಲ್ಲಿ ಬೆರಳು ಚಿಟಿಕೆ ಹೊಡೆದು ‘ಭಾಯಿ’ ಎಂದು ಕರೆಯುತ್ತವೆ.

ಕೇರಳದಲ್ಲಿ ಇದ್ದುಕೊಂಡು ನಾವು ಕಲಿಯಬಹುದಾಗಿದ್ದ ಒಂದು ವಿಷಯವುಂಟು. ಕೋಳಿಕ್ಕೋಡಿನ ಮಿಠಾಯಿತೆರುವಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರು ಪಿ. ವಿಜಿ ಅವರ ಮುಂದಾಳತ್ವದಲ್ಲಿ ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಕಟ್ಟಿ, ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ಹೋರಾಡಿದರು. ಹೌದು, ಕೂರುವ ಹಕ್ಕು. ಸೀರೆ ಅಂಗಡಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತೇ ಇರಬೇಕಾಗಿದ್ದವರು, ಗಿರಾಕಿ ಇಲ್ಲದಾಗಲೂ ಗೋಡೆಗೆ ಒರಗುವಂತಿರದವರು. ತ್ರಿಶೂರಿನಲ್ಲಿ 2014ರ ಕೊನೆಯಲ್ಲಿ ಶುರುವಾದ ‘ಇರಿಪ್ಪು ಸಮರಂ’, ಅಂದರೆ ಕೂರುವ ಚಳವಳಿ, ನೂರು ದಿನ ದಾಟಿತು. 2018ರಲ್ಲಿ ಕೇರಳ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂರಲು ಆಸನ ಕೊಡಬೇಕು ಎಂದು ವಿಧಿಸಿತು. ತಮಿಳುನಾಡು 2021ರಲ್ಲಿ ಅದನ್ನು ಅನುಸರಿಸಿತು.

ಮುಂದಿನ ಸಲ ಹೋದಾಗ ಕೌಂಟರಿನ ಮೇಲಿಂದ ಸ್ವಲ್ಪ ಬಗ್ಗಿ ನೋಡಿ. ಈಚೆ ನೂರಾರು ಕುರ್ಚಿ ಸಾಲಾಗಿ ಹಾಕಿರುತ್ತಾರೆ. ಆಚೆ ಒಂದು ಸ್ಟೂಲು ಉಂಟೇ? ನಾನು ಎರಡೂ ನಗರಗಳಲ್ಲಿ ಬಗ್ಗಿ ನೋಡಿದ್ದೇನೆ. ಕೆಲವು ಕಡೆ ಉಂಟು. ಬಹಳ ಕಡೆ ಎಣ್ಣೆಯ ಡಬ್ಬ ಬೋರಲು ಹಾಕಿಕೊಂಡು ಸರದಿಯಲ್ಲಿ ಎರಡು ನಿಮಿಷ ಕೂರುತ್ತಾರೆ, ಮ್ಯಾನೇಜರ್ ಬಂದರೆ ಏಳುತ್ತಾರೆ. ಇಲ್ಲದಿದ್ದರೆ ಬರೆಯಿರಿ. ನಿಮ್ಮ ವಿಮರ್ಶೆಗೆ ಅಷ್ಟು ಬೆಲೆಯಿದೆಯಲ್ಲ, ಐದರಲ್ಲಿ ಎರಡು ನಕ್ಷತ್ರಕ್ಕೆ ಮಾಲೀಕರು ಹೆದರುತ್ತಾರಲ್ಲ. ಕೂರಲು ಜಾಗವಿಲ್ಲ ಎಂದು ಒಂದು ನಕ್ಷತ್ರ ಕಳೆಯಿರಿ. ಕಾಯ್ದೆ ನಿಮ್ಮ ಬೆನ್ನಿಗಿದೆ. ಬರೆಯುವಾಗ ಹುಡುಗನ ಹೆಸರು, ಊರು ಹಾಕಬೇಡಿ, ಅವನ ಕೆಲಸ ಹೋದೀತು.

ನಮ್ಮದೂ ಒಂದು ಚಿಕ್ಕ ಕೂಟ ಉಂಟು, ತಿರುವನಂತಪುರದಲ್ಲಿ ಹದಿನೈದಿಪ್ಪತ್ತು ಕನ್ನಡ ಮನೆಗಳದ್ದು. ಈ ನವೆಂಬರಿನ ರಾಜ್ಯೋತ್ಸವದ ಊಟದ ಪಟ್ಟಿ ಆಗಲೇ ಓಡಾಡುತ್ತಿದೆ. ಬಿಸಿಬೇಳೆ ಬಾತು, ಹೋಳಿಗೆ, ಅದರ ಕೆಳಗೆ ಮಕ್ಕಳಿಗೆಂದು ‘ಲೈವ್ ಚೈನೀಸ್ ಕೌಂಟರ್’. ಯಾರೋ ಪಕ್ಕದಲ್ಲಿ ಕಂಸ ಹಾಕಿ ‘ಅಸಲಿ ಬೇಕು’ ಎಂದು ಬರೆದಿದ್ದಾರೆ. ನಾನು ಅದರ ಕೆಳಗೆ ನಾಲ್ಕು ಸಾಲು ಸೇರಿಸಿದ್ದೇನೆ. ಕೌಂಟರಿನ ಹಿಂದೆ ಮೂರು ಕುರ್ಚಿ. ಒಂದು ಫ್ಯಾನು. ಕೌಂಟರಿಗೆ ಬರುವವರಿಗೂ ಬಾಳೆಲೆ ಊಟ, ಎಲ್ಲರದ್ದೂ ಮುಗಿದ ಮೇಲಲ್ಲ, ಮೊದಲ ಪಂಕ್ತಿಯಲ್ಲಿ. ಮಕ್ಕಳಿಗೆ ಆ ಹೊತ್ತು ನೂಡಲ್ಸ್ ಅರ್ಧ ಗಂಟೆ ತಡ. ಮೊನ್ನೆ ಭಾನುವಾರ ಇದರ ಮೇಲೆ ವಾದ ನಡೆದು ಎರಡು ಮನೆಯವರು ಮುನಿಸಿಕೊಂಡಿದ್ದಾರೆ. ಪಟ್ಟಿ ಇನ್ನೂ ಅಂತಿಮವಾಗಿಲ್ಲ.